ಟೇಬಲ್‌ಗೆ ಟೇಬಲ್‌ನ ಕೆಲಸ ಕೊಡು

ವೆಬ್ ವಿನ್ಯಾಸಕ್ಕೆ ಈಗಷ್ಟೇ ಕೈಹಾಕಿರುವ ನಿನಗೆ ಮೊದಲ ಪಾಠದಲ್ಲೇ ಯಾರೋ ಹೇಳಿರುತ್ತಾರೆ: ಪುಟ ಜೋಡಿಸಲು ಟೇಬಲ್ ಬಳಸಬೇಡ, ಸಿಎಸ್‌ಎಸ್ ಬಳಸು ಎಂದು. ಮಾತು ಸರಿ. ಆದರೆ ಕಾರಣ ಗೊತ್ತಿಲ್ಲದೆ ಪಾಲಿಸುವ ನಿಯಮ ಒಂದಲ್ಲ ಒಂದು ದಿನ ದಾರಿ ತಪ್ಪಿಸುತ್ತದೆ. ಆ ಕಾರಣವನ್ನು ತಿಳಿದುಕೊ.

ಟೇಬಲ್‌ನಲ್ಲಿ ಪುಟ ಕಟ್ಟಿದ ಹಿಂದಿನವರನ್ನು ಹಗುರಾಗಿ ಕಾಣಬೇಡ. ಹೋಕನ್ ಲೀ ಸಿಎಸ್‌ಎಸ್‌ನ ಪ್ರಸ್ತಾವ ಮುಂದಿಟ್ಟದ್ದು 1994ರಲ್ಲಿ. ಅದರ ಮೊದಲ ಆವೃತ್ತಿ ಮಾನದಂಡವಾದದ್ದು 1996ರ ಡಿಸೆಂಬರ್‌ನಲ್ಲಿ. ಆಮೇಲೂ ಎಷ್ಟೋ ವರ್ಷ ಒಂದೊಂದು ಬ್ರೌಸರ್ ಅದನ್ನು ಒಂದೊಂದು ಬಗೆಯಲ್ಲಿ ತೋರಿಸುತ್ತಿತ್ತು. ನೆಟ್‌ಸ್ಕೇಪ್‌ನಲ್ಲೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲೂ ಹೆಚ್ಚುಕಡಿಮೆ ಒಂದೇ ಥರ ನಿಲ್ಲುತ್ತಿದ್ದದ್ದು ಟೇಬಲ್. ಅದಕ್ಕೇ ಟೇಬಲ್‌ನೊಳಗೆ ಟೇಬಲ್ ಇಟ್ಟು, ಒಂದೇ ಪಿಕ್ಸೆಲ್‌ನ ಕಾಣದ ಗಿಫ್ ಚಿತ್ರವನ್ನು ಹಿಗ್ಗಿಸಿ ಜಾಗ ತುಂಬಿಸುತ್ತಿದ್ದರು. ಆ ಕಾಲಕ್ಕೆ ಅದು ಜಾಣ ಉಪಾಯವೇ.

ಆದರೆ ಬಲಗಡೆಯ ಪಟ್ಟಿಯನ್ನು ಎಡಕ್ಕೆ ಸರಿಸಬೇಕೆಂದರೆ ಪುಟಪುಟವನ್ನೂ ಬಿಚ್ಚಿ ಕಟ್ಟಬೇಕಾಗುತ್ತಿತ್ತು. 2003ರಲ್ಲಿ ಡೇವ್ ಶೇ ಸಿಎಸ್‌ಎಸ್ ಝೆನ್ ಗಾರ್ಡನ್ ಎಂಬ ಜಾಲತಾಣ ತೆರೆದಾಗ, ಒಂದೇ ಎಚ್‌ಟಿಎಂಎಲ್ ಪುಟವು ಸಿಎಸ್‌ಎಸ್ ಕಡತ ಬದಲಾದಂತೆಲ್ಲ ಗುರುತೇ ಸಿಗದಷ್ಟು ಬೇರೆ ರೂಪ ತಾಳಿತು. ವಿಷಯ ಒಂದು ಕಡೆ, ರೂಪ ಇನ್ನೊಂದು ಕಡೆ ಇರಬೇಕೆಂಬುದನ್ನು ವಿನ್ಯಾಸಕಾರರು ಕಣ್ಣಾರೆ ಕಂಡರು. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಸಿಎಸ್‌ಎಸ್‌ನ ಗ್ರಿಡ್ ಜೋಡಣೆ ಬಂದ ಮೇಲೆ ಪುಟ ಕಟ್ಟಲು ಟೇಬಲ್ ಹಿಡಿಯುವುದಕ್ಕೆ ನೆವವೇ ಉಳಿದಿಲ್ಲ. ಇಮೇಲ್ ಮಾತ್ರ ಬೇರೆ: ವಿಂಡೋಸ್‌ನ ಔಟ್‌ಲುಕ್ 2007ರಲ್ಲಿ ಸಿಎಸ್‌ಎಸ್ ಅಷ್ಟಾಗಿ ಅರಿಯದ ವರ್ಡ್‌ನ ಎಂಜಿನ್ನಿಗೆ ಹೋಯಿತು, ಆ ಬಗೆಯ ಔಟ್‌ಲುಕ್ ಬಳಸುವವರಿರುವುದರಿಂದ ಅಲ್ಲಿ ಟೇಬಲ್ ಇನ್ನೂ ಬೇಕಾಗುತ್ತದೆ.

ಇಷ್ಟು ಹೇಳಿದ್ದು ಮುಂದಿನ ಮಾತಿಗಾಗಿ. ‘ಟೇಬಲ್ ಕೆಟ್ಟದ್ದು’ ಎಂದಷ್ಟೇ ಕಲಿತ ಹುಡುಗರು ಈಗ ಅಂಕಪಟ್ಟಿ, ಬಸ್ ವೇಳಾಪಟ್ಟಿ, ಮಾರುಕಟ್ಟೆ ಧಾರಣೆಗಳನ್ನೂ ಡಿವ್‌ಗಳಿಂದಲೇ ಕಟ್ಟುತ್ತಿದ್ದಾರೆ. ನೋಡಲು ಅಂದವಾಗಿಯೇ ಇರುತ್ತದೆ. ಆದರೆ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದಿಂದ ತನ್ನ ಫಲಿತಾಂಶ ಕೇಳುತ್ತಿದ್ದಾಳೆ ಎಂದುಕೊ. ನೀನು ನಿಜವಾದ ಟೇಬಲ್ ಇಟ್ಟು, ತಲೆಬರಹದ ಕೋಶಗಳಿಗೆ ಟಿಎಚ್ ಟ್ಯಾಗನ್ನೂ ಸ್ಕೋಪನ್ನೂ ಕೊಟ್ಟಿದ್ದರೆ, ಅವಳು ಕೋಶದಿಂದ ಕೋಶಕ್ಕೆ ಸರಿದಂತೆ ‘ಕನಿಷ್ಠ, 35’, ‘ಪಡೆದ ಅಂಕ, 86’ ಎಂದು ಕೇಳಿಸುತ್ತದೆ. ಬರೀ ಡಿವ್‌ಗಳಾದರೆ ಕೇಳುವುದು 100, 35, 86 ಅಷ್ಟೇ. ಯಾವುದು ಗರಿಷ್ಠ, ಯಾವುದು ತನ್ನದು ಎಂದು ಅವಳು ಊಹಿಸಬೇಕು. ಅಂದು ಅಂಕಿಅಂಶವಲ್ಲದ್ದನ್ನು ಟೇಬಲ್‌ನಲ್ಲಿ ತುಂಬಿದರು, ಇಂದು ಅಂಕಿಅಂಶವನ್ನೇ ಟೇಬಲ್‌ನಿಂದ ಹೊರಗಟ್ಟುತ್ತಿದ್ದೇವೆ. ತಪ್ಪು ಎರಡೂ ಕಡೆ ಒಂದೇ: ವಸ್ತು ಏನೆಂದು ಕೇಳದೆ ಹೇಗೆ ಕಾಣಬೇಕೆಂದು ಮೊದಲು ಯೋಚಿಸುವುದು.

ಗ್ರಿಡ್ ಬಳಸುವಾಗಲೂ ಎಚ್ಚರವಿರಲಿ. ಸಿಎಸ್‌ಎಸ್‌ನಿಂದ ಒಂದು ಭಾಗವನ್ನು ಮೇಲಕ್ಕೆ ತಂದರೂ ಓದುವ ತಂತ್ರಾಂಶವೂ ಟ್ಯಾಬ್ ಕೀಲಿಯೂ ಸಾಮಾನ್ಯವಾಗಿ ಎಚ್‌ಟಿಎಂಎಲ್‌ನಲ್ಲಿರುವ ಕ್ರಮವನ್ನೇ ಹಿಡಿಯುತ್ತವೆ. ಕನ್ನಡದ ಪುಟ ಮಾಡುವಾಗ ಇನ್ನೊಂದು: ನಮ್ಮ ಪದಗಳು ಉದ್ದ, ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಅಗಲ, ಎತ್ತರಗಳನ್ನು ಪಿಕ್ಸೆಲ್‌ನಲ್ಲಿ ಬಿಗಿದುಬಿಟ್ಟರೆ ಅಕ್ಷರ ಕತ್ತರಿಸಿಹೋಗುತ್ತದೆ.

ಆದ್ದರಿಂದ ಕೀಲಿಮಣೆ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿಕೊ: ಈ ಅಂಕಿಯನ್ನು ಅದರ ಸಾಲಿನಿಂದಲೂ ಕಾಲಮ್ಮಿನಿಂದಲೂ ಬೇರ್ಪಡಿಸಿದರೆ ಅರ್ಥ ಕೆಡುತ್ತದೆಯೇ? ಕೆಡುವುದಾದರೆ ಅಂಜದೆ ಟೇಬಲ್ ಇಡು. ಇಲ್ಲವಾದರೆ ಸಿಎಸ್‌ಎಸ್‌ಗೆ ಬಿಡು. ಕೆಲಸ ಮುಗಿದ ಮೇಲೆ ಸಿಎಸ್‌ಎಸ್ ತೆಗೆದುಹಾಕಿ, ಪುಟವನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದು. ಕೇಳಿದವರಿಗೆ ಅರ್ಥವಾಗುವ ತನಕ ಅದನ್ನು ಯಾರ ಕೈಗೂ ಕೊಡಬೇಡ.