ಯೋಧನ ಸಾವಿನ ಕಾಗದದಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳಿ

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಹೆಸರು ಎಲ್ಲರಿಗೂ ನೆನಪಿದೆ. ನಮ್ಮ ಕೃಷ್ಣಗಿರಿ ಜಿಲ್ಲೆಯ ಗುಡಿಸಾದನಪಲ್ಲಿಯ ಸಿಪಾಯಿ ಎನ್. ರಾಮಮೂರ್ತಿ ಅವರೂ ಆ ಹತ್ತರಲ್ಲಿ ಒಬ್ಬರು. ಸುಮಾರು ಎರಡು ವಾರ ಕಾದ ಮೇಲೆ ಅವರ ಪಾರ್ಥಿವ ಶರೀರ ಊರು ಸೇರಿತು. ನಾನು ಬರೆಯುತ್ತಿರುವುದು ಅವರ ಮನೆಯ ವಿಷಯವಲ್ಲ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಯೋಧರ ಹೆಂಡಂದಿರು, ತಾಯಂದಿರು ವರ್ಷಗಟ್ಟಲೆ ತಡವಾಗಿ ನನ್ನ ಬಳಿ ಬರುತ್ತಾರೆ. ಅಷ್ಟರಲ್ಲಿ ಕಳೆದುಕೊಂಡದ್ದರಲ್ಲಿ ಒಂದಷ್ಟು ಮತ್ತೆ ಸಿಗುವುದೇ ಇಲ್ಲ. ಅದು ತಪ್ಪಲಿ ಎಂದು ಈ ಲೇಖನ.

ಮೊದಲನೆಯದು, ಅಂತ್ಯಕ್ರಿಯೆ. ಶರೀರವನ್ನು ಊರಿಗೆ ತಲುಪಿಸುವ ಖರ್ಚು ಸೇನೆಯದು. ಯಾರಾದರೂ ಗಾಡಿ ಬಾಡಿಗೆ, ಪೆಟ್ಟಿಗೆ ಖರ್ಚು ಎಂದು ಕೈಯೊಡ್ಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆದರೆ ಸ್ವಂತ ಪಟ್ಟಾ ಜಮೀನಿನಲ್ಲಿ ಹೂಳುವುದಾದರೆ ಎಚ್ಚರ. ತಮಿಳುನಾಡಿನ 1999ರ ಗ್ರಾಮ ಪಂಚಾಯಿತಿ ಸ್ಮಶಾನ ನಿಯಮಗಳು ಮಿಲಿಟರಿ ಗೌರವದ ಅಂತ್ಯಕ್ರಿಯೆಗೂ ಅನ್ವಯಿಸುತ್ತವೆ. ಗೊತ್ತುಪಡಿಸಿದ ಸ್ಮಶಾನ ಬಿಟ್ಟು ಬೇರೆ ಕಡೆ ಹೂಳುವ ಮುಂಚೆ ಪಂಚಾಯಿತಿಯಿಂದ ಬರಹದಲ್ಲೇ ಅನುಮತಿ ಪಡೆಯಿರಿ. ಜನ ಸೇರಿದ ದಿನ "ಆಗಲಿ" ಎಂದ ಅಧಿಕಾರಿ, ಪಕ್ಕದ ಜಮೀನಿನವರು ತಕರಾರು ತೆಗೆದ ದಿನ ಗುರುತೇ ಹಿಡಿಯುವುದಿಲ್ಲ.

ಎರಡನೆಯದು, ಮರಣ ಪ್ರಮಾಣಪತ್ರ. ಸಾವು ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದಲ್ಲಿ. ಆದ್ದರಿಂದ ನಿಮ್ಮ ಗ್ರಾಮ ಆಡಳಿತಾಧಿಕಾರಿಯ (ವಿ.ಎ.ಒ.) ಆಫೀಸಿನ ಮುಂದೆ ಕಾದು ಕೂರಬೇಡಿ. ಪತಿಯ ಯೂನಿಟ್‌ಗೆ ಮತ್ತು ರೆಕಾರ್ಡ್ ಆಫೀಸಿಗೆ ಬರೆಯಿರಿ. ಮದ್ರಾಸ್ ರೆಜಿಮೆಂಟಿನವರಿಗೆ ಅದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ.

ಮೂರನೆಯದು, ವಾರಿಸು ಸರ್ಟಿಫಿಕೇಟ್. ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿದರೆ ತಹಶೀಲ್ದಾರ್ ಕೊಡುತ್ತಾರೆ. ಬ್ಯಾಂಕಿಗೆ, ರಾಜ್ಯ ಸರ್ಕಾರದ ಪರಿಹಾರಕ್ಕೆ ಅದು ಬೇಕಾಗುತ್ತದೆ. ಪಿಂಚಣಿಗೆ ಮಾತ್ರ ಮೂಲ ಆಧಾರ ಸೇನೆಯ ದಾಖಲೆ. ಮದುವೆ, ಮಕ್ಕಳ ಹೆಸರು ಯೂನಿಟ್ ದಾಖಲಿಸುವ "ಪಾರ್ಟ್ ಟು ಆರ್ಡರ್"ನಲ್ಲಿ ಬಂದಿರಬೇಕು. ನಮ್ಮ ಗಡಿಯಲ್ಲಿ ಇನ್ನೊಂದು ತೊಡಕಿದೆ. ಹೆಣ್ಣು ಆನೇಕಲ್ ಕಡೆಯವಳಾದರೆ ಆಧಾರ್ ಕನ್ನಡದಲ್ಲಿ, ಪಡಿತರ ಚೀಟಿ ತಮಿಳಿನಲ್ಲಿ, ಸೇನೆಯ ಕಾಗದ ಇಂಗ್ಲಿಷಿನಲ್ಲಿ. ಒಂದರಲ್ಲಿ ತಂದೆಯ ಇನಿಷಿಯಲ್, ಒಂದರಲ್ಲಿ ಗಂಡನ ಹೆಸರು. ಇದನ್ನೇ ದೊಡ್ಡ ಕಂಟಕ ಮಾಡಿ ದಲ್ಲಾಳಿ ಹಣ ಕೀಳುತ್ತಾನೆ. ಬಹುತೇಕ ಸಂದರ್ಭಗಳಲ್ಲಿ ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಮುಂದೆ ಮಾಡಿಸಿದ ಒಂದು ಅಫಿಡವಿಟ್ಟಿನಿಂದ ಮುಗಿಯುವ ಕೆಲಸ ಇದು.

ಇಷ್ಟೂ ಸರಿಯಾಗಿದ್ದರೂ ಕುಟುಂಬವನ್ನು ಮುಳುಗಿಸುವ ಸಂಗತಿ ಒಂದಿದೆ. ರೆಕಾರ್ಡ್ ಆಫೀಸಿನ ಕಾಗದದ ಒಂದು ಕಾಲಮ್ಮಿನಲ್ಲಿ ಎರಡು ಪದ ಟೈಪಾಗಿರುತ್ತವೆ: "ಬ್ಯಾಟಲ್ ಕ್ಯಾಷುಯಾಲ್ಟಿ" ಅಥವಾ "ಫಿಸಿಕಲ್ ಕ್ಯಾಷುಯಾಲ್ಟಿ". ಒಂದು, ಯುದ್ಧ ಕಾರ್ಯಾಚರಣೆಯಲ್ಲಿ ಆದ ಸಾವು. ಇನ್ನೊಂದು, ಬೇರೆ ಕಾರಣದ ಸಾವು. ಪಿಂಚಣಿಯ ದರ್ಜೆಗೆ ದಾರಿ ಇಲ್ಲಿಂದಲೇ. ಲಿಬರಲೈಸ್ಡ್ ಕುಟುಂಬ ಪಿಂಚಣಿ ಸಿಕ್ಕರೆ ಕೊನೆಯ ಸಂಬಳದಷ್ಟು. ಸ್ಪೆಷಲ್ ಆದರೆ ಶೇ. 60. ಸಾಮಾನ್ಯದ್ದು ಕೊನೆಗೆ ಶೇ. 30ಕ್ಕೆ ಇಳಿಯುತ್ತದೆ. ಇದು ಜೀವಮಾನದ ಲೆಕ್ಕ.

"ಗುಂಡು ತಗುಲಿಲ್ಲವಲ್ಲಮ್ಮ, ಹಿಮ ಬಿದ್ದದ್ದಲ್ಲವೇ" ಎಂದು ಕೌಂಟರಿನಲ್ಲಿ ಕೂತವರು ಹೇಳಿದರೆ ತಲೆಯಾಡಿಸಿ ಬರಬೇಡಿ. ಕಾರ್ಯಾಚರಣೆಯ ಪ್ರದೇಶದಲ್ಲಿ ಕರ್ತವ್ಯದಲ್ಲಿದ್ದಾಗ ಹಿಮಪಾತ, ಭೂಕುಸಿತದಂಥ ವಿಕೋಪದಿಂದ ಸತ್ತವರನ್ನೂ ಸೇನೆಯ ನಿಯಮ ಬ್ಯಾಟಲ್ ಕ್ಯಾಷುಯಾಲ್ಟಿಯಲ್ಲೇ ಸೇರಿಸುತ್ತದೆ. 2016ರ ಜನವರಿ 1ರಿಂದ ಜಾರಿಯಲ್ಲಿರುವ ಕೇಂದ್ರದ ಇಡಿಗಂಟಿನ ಪಟ್ಟಿಯಲ್ಲಿ, ಗೊತ್ತುಪಡಿಸಿದ ಎತ್ತರದ ಗಡಿ ಠಾಣೆಗಳಲ್ಲಿ ಪ್ರಕೃತಿ ವಿಕೋಪ, ವಿಪರೀತ ಹವೆಯಿಂದ ಆದ ಸಾವಿಗೆ 35 ಲಕ್ಷ ರೂಪಾಯಿ ಎಂದೇ ಬರೆದಿದೆ. ಕರ್ತವ್ಯದ ಸಾಮಾನ್ಯ ಅಪಘಾತಕ್ಕೆ 25 ಲಕ್ಷ. ಯುದ್ಧದಲ್ಲಿ ಶತ್ರುವಿನಿಂದಾದರೆ 45 ಲಕ್ಷ.

ಆ ಒಂದು ಪದ ಏನು ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 2013ರ ಜನವರಿಯಲ್ಲಿ ನಿಯಂತ್ರಣ ರೇಖೆಯ ಬಳಿ ಗಸ್ತಿನಲ್ಲಿದ್ದ ಒಬ್ಬ ಯೋಧರಿಗೆ ಉಸಿರು ಕಟ್ಟಿತು. ಕೆಟ್ಟ ಹವೆಯಲ್ಲಿ ಹೆಲಿಕಾಪ್ಟರ್ ಬರಲಾಗದೆ ಅವರನ್ನು ಕಾಲ್ನಡಿಗೆಯಲ್ಲೇ ಸಾಗಿಸಬೇಕಾಯಿತು, ಜೀವ ಉಳಿಯಲಿಲ್ಲ. ಮೊದಲು ಬ್ಯಾಟಲ್ ಕ್ಯಾಷುಯಾಲ್ಟಿ ಎಂದವರು ಆಮೇಲೆ ಫಿಸಿಕಲ್ ಎಂದು ತಿದ್ದಿದರು. ಅವರ ಪತ್ನಿ ಹೋರಾಡಿ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ಲಿನಲ್ಲಿ ಗೆದ್ದರೂ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಆ ಕೋರ್ಟು ಆಕೆಯ ಹಕ್ಕನ್ನು ಎತ್ತಿಹಿಡಿದು, ವಿಧವೆಯನ್ನು ಕೋರ್ಟಿಗೆ ಎಳೆದದ್ದಕ್ಕೆ ಸರ್ಕಾರದ ಮೇಲೆ 50,000 ರೂಪಾಯಿ ವೆಚ್ಚ ಹೇರಿತು. ಒಂದು ಪದ ತಿದ್ದಿಸಲು ಒಬ್ಬ ಹೆಣ್ಣುಮಗಳು ಸುಮಾರು ಹನ್ನೆರಡು ವರ್ಷ ಅಲೆಯಬೇಕಾಯಿತು. ಇದು ನಾಚಿಕೆಗೇಡು.

ನೀವು ಮಾಡಬೇಕಾದದ್ದು: ಸಾವಿನ ಬಗ್ಗೆ ಸೇನೆಯೇ ನಡೆಸುವ ವಿಚಾರಣೆಯ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿಯ, ವರದಿಯ ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ನಿರಾಕರಿಸಿದರೆ ಮೇಲ್ಮನವಿ ಇದೆ. ದರ್ಜೆ ತಪ್ಪಿದ್ದರೆ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ಮನವಿ ಕಳಿಸಿ, ರಸೀದಿ ಜೋಪಾನ ಮಾಡಿ. ಆರು ತಿಂಗಳು ಉತ್ತರ ಬಾರದಿದ್ದರೆ ಚೆನ್ನೈಯ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ ಪೀಠಕ್ಕೆ ಹೋಗಬಹುದು. ತಿರಸ್ಕಾರದ ಉತ್ತರ ಬಂದರೆ ಅಂದಿನಿಂದ ಆರು ತಿಂಗಳೊಳಗೆ ಹೋಗಬೇಕು. ಪಿಂಚಣಿ ತಿಂಗಳು ತಿಂಗಳೂ ಮುಂದುವರಿಯುವ ಹಕ್ಕಾದ್ದರಿಂದ ತಡವಾದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕಷ್ಟೇ ಸಿಗುತ್ತದೆ. ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2008ರ ತೀರ್ಪು ಹೇಳಿದ್ದು ಇದನ್ನೇ. ಹತ್ತು ವರ್ಷ ಸುಮ್ಮನಿದ್ದರೆ ಏಳು ವರ್ಷದ ಹಣ ಹೋಯಿತು ಎಂದೇ ತಿಳಿಯಿರಿ.

ಇಷ್ಟು ಶೇಕಡಾ ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇನೆ ಎನ್ನುವವನಿಗೆ ಖಾಲಿ ಹಾಳೆಯ ಮೇಲೆ ಸಹಿ, ಪಾಸ್‌ಬುಕ್, ಒಟಿಪಿ ಕೊಡಬೇಡಿ. ಮನೆಯವರೇ ಹದಿಮೂರು ದಿನ ಕಳೆಯುವ ಮುಂಚೆ "ಒಪ್ಪಿಗೆ ಪತ್ರ"ಕ್ಕೆ ಹೆಬ್ಬೆಟ್ಟು ಕೇಳಿದರೂ, ವಕೀಲರು ಓದಿ ಹೇಳಲಿ ಎನ್ನಿ. ವಕೀಲರಿಗೆ ದುಡ್ಡಿಲ್ಲ ಎನ್ನಬೇಡಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಯಾವುದೇ ಹೆಣ್ಣಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ಯೋಧರ ಕುಟುಂಬಗಳಿಗೆ ಕಾನೂನು ನೆರವು ಕೊಡಲೆಂದೇ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಬಂದಿದೆ. ಮನೆಯಲ್ಲಿ ರೆಕಾರ್ಡ್ ಆಫೀಸಿನ ಆ ಕಾಗದ ಇದ್ದರೆ ಈ ವಾರವೇ ತೆಗೆದು, ಇಂಗ್ಲಿಷ್ ಬಲ್ಲವರಿಂದ ಆ ಕಾಲಮ್ಮನ್ನು ಓದಿಸಿಕೊಳ್ಳಿ.