ಸಿಗ್ನಲ್ ಆಪ್‌ಗೆ ಎಷ್ಟು ಸ್ಟಾರ್?

ನಮ್ಮ ಸೊಸೈಟಿಯಲ್ಲಿ ರೇಷನ್ ಅಕ್ಕಿ ತಡವಾಗಿ ಬಂದರೆ ಜನ ಸರ್ಕಾರವನ್ನು ಬೈಯುತ್ತಾರೆ, ನೆಟ್‌ವರ್ಕ್ ಹೋದರೆ ನನ್ನನ್ನು ಬೈಯುತ್ತಾರೆ. ಹೆಬ್ಬೆಟ್ಟು ಒತ್ತಿ, ಅದು ಸರಿಯೆಂದು ಅತ್ತ ಕಡೆಯಿಂದ ಉತ್ತರ ಬರುವವರೆಗೆ ಅಕ್ಕಿ ತೂಗುವ ಹಾಗಿಲ್ಲ. ಹೊಸನಗರ ತಾಲ್ಲೂಕಿನ ನಮ್ಮ ಊರು ಇರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಯಾವ ಕಂಪನಿಯ ಸಿಮ್ ಹಾಕಿದರೆ ಯಂತ್ರ ನಡೆದೀತು ಎಂದು ತಿಳಿಯಬೇಕಾಗಿದ್ದರಿಂದ ನಾನು ಸಿಗ್ನಲ್ ಅಳೆಯುವ ಆಪ್‌ಗಳ ಬೆನ್ನು ಹತ್ತಿದೆ.

ಹಾಕಿಕೊಳ್ಳುವ ಮೊದಲು ಎಲ್ಲರ ಹಾಗೆ ಪ್ಲೇ ಸ್ಟೋರಿನಲ್ಲಿ ಬಳಕೆದಾರರ ಅಭಿಪ್ರಾಯ ಓದಲು ಕೂತೆ. ಐದು ಸ್ಟಾರ್ ಕೊಟ್ಟವರಲ್ಲಿ ಬಹಳಷ್ಟು ಜನ ಹೊಗಳಿದ್ದು ತಮ್ಮ ಊರಿನ ಟವರನ್ನು. ಒಂದು ಸ್ಟಾರ್ ಕೊಟ್ಟವರು ಸಿಟ್ಟು ತೀರಿಸಿಕೊಂಡದ್ದು ಸಿಮ್ ಕಂಪನಿಯ ಮೇಲೆ. ಆಪ್ ಬಗ್ಗೆಯೇ ಮಾತಾಡಿದವರು ಎರಡು, ಮೂರು ಸ್ಟಾರ್ ಕೊಟ್ಟು ನಡುವೆ ನಿಂತಿದ್ದ ಕೆಲವೇ ಜನ. ನಮ್ಮ ಭಾವನವರೇ, ಆಪ್ ಹಾಕಿದ ಮೇಲೂ ಒಂದು ಕಡ್ಡಿ ಜಾಸ್ತಿಯಾಗಲಿಲ್ಲ ಎಂದು ಬರೆದು ಒಂದು ಸ್ಟಾರ್ ಒತ್ತಿ ಬಂದಿದ್ದರು. ಥರ್ಮಾಮೀಟರ್ ಇಟ್ಟರೂ ಜ್ವರ ಇಳಿಯಲಿಲ್ಲ ಎಂದ ಹಾಗಾಯಿತು. ಅಂದಿನಿಂದ ನಾನು ಸರಾಸರಿ ಸ್ಟಾರ್ ನೋಡುವುದನ್ನೇ ಬಿಟ್ಟೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಈ ಆಪ್‌ಗಳೆಲ್ಲ ಒಂದೇ ಕೆಲಸದವಲ್ಲ. ಕೆಲವು ಈ ಕ್ಷಣಕ್ಕೆ ನಿಮ್ಮ ಫೋನಿಗೆ ಎಷ್ಟು ಸಿಗ್ನಲ್ ಬರುತ್ತಿದೆ ಎಂದಷ್ಟೇ ಹೇಳುತ್ತವೆ. ಓಪನ್‌ಸಿಗ್ನಲ್, ಎನ್‌ಪರ್ಫ್, ಸೆಲ್‌ಮ್ಯಾಪರ್ ಮುಂತಾದವು ಬಳಕೆದಾರರ ಫೋನುಗಳಿಂದ ಬಂದ ಅಳತೆಗಳನ್ನು ಕೂಡಿಸಿ ನಕಾಶೆ ಮಾಡುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲಿ ತಂದ ಮೈಸ್ಪೀಡ್ ಡೇಟಾ ವೇಗವನ್ನು ಅಳೆದು ಫಲಿತಾಂಶವನ್ನು ಟ್ರಾಯ್‌ಗೆ ಕಳಿಸುತ್ತದೆ. ನಕಾಶೆ ಬೇಕಾದವರು ಮೀಟರ್ ಹಾಕಿಕೊಂಡು, ಮೀಟರ್ ಬೇಕಾದವರು ನಕಾಶೆ ಹಾಕಿಕೊಂಡು ಕೊಟ್ಟ ಸ್ಟಾರ್‌ಗಳೂ ಆ ರಾಶಿಯಲ್ಲಿ ಸೇರಿರುತ್ತವೆ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಮೀಟರ್. ಫೋನಿನ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಲೆಕ್ಕವಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನ್ ತಯಾರಿಸುವವರ ಇಷ್ಟ. ಆಪ್ ಸಿಗ್ನಲನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. 4ಜಿಯಲ್ಲಿ ಮೈನಸ್ 80ರ ಆಸುಪಾಸು ಇದ್ದರೆ ಭೇಷ್, ಮೈನಸ್ 100ರವರೆಗೆ ಕೆಲಸಕ್ಕೆ ಅಡ್ಡಿಯಿಲ್ಲ, 110 ದಾಟಿದರೆ ಪರದಾಟ. ಪ್ರತಿ ಹತ್ತಕ್ಕೆ ಸಿಗ್ನಲ್ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ; ಮೈನಸ್ 90ಕ್ಕೂ 110ಕ್ಕೂ ನೂರು ಪಟ್ಟು ಅಂತರ. ಎರಡು ಕಡ್ಡಿಯ ಫೋನಿನಲ್ಲಿ ಮಾತು ಕೇಳಿಸುವುದೂ ಪಕ್ಕದವರ ಎರಡು ಕಡ್ಡಿಯ ಫೋನ್ ಮೂಕಾಗುವುದೂ ಯಾಕೆಂದು ಆಗ ಅರ್ಥವಾಯಿತು.

ಯಂತ್ರಕ್ಕೆ ಹಾಕಬೇಕೆಂದಿದ್ದ ಸಿಮ್ಮನ್ನು ಮೊದಲು ನನ್ನ ಫೋನಿಗೆ ಹಾಕಿ ಸೊಸೈಟಿಯ ಕಟ್ಟಡವಿಡೀ ಓಡಾಡಿದೆ. ಅಂಗಳದಲ್ಲಿ ಮೈನಸ್ 94. ತಗಡಿನ ಮಾಡಿನ ಕೆಳಗೆ, ನಾವು ರೇಷನ್ ಕೊಡುವ ಕೌಂಟರಿನಲ್ಲಿ 109. ಹಿಂಬದಿಯ ದರೆಗೆ ತಾಗಿದ ಗೊಬ್ಬರದ ಗೋಡೌನಿನಲ್ಲಿ 118. ಪಡುವಣ ಕಿಟಕಿಯ ಬಳಿ 99. ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದೆವು; ಕಾಸು ಖರ್ಚಿಲ್ಲದೆ ಆದ ಸುಧಾರಣೆ ಅದು. ಆಪ್ ಯಾವ ಬ್ಯಾಂಡ್ ಸಿಗುತ್ತಿದೆ ಎಂಬುದನ್ನೂ ತೋರಿಸುತ್ತದೆ. ಒಂದೇ ಟವರಿನಿಂದ ಬಂದರೂ 2300 ಮೆಗಾಹರ್ಟ್ಸ್‌ನದು ನಮ್ಮ ಅಂಗಳದಲ್ಲೇ ನಿಲ್ಲುತ್ತದೆ, 850ರದು ಗೋಡೆ ದಾಟಿ ಒಳಗೆ ಬರುತ್ತದೆ. ತರಂಗದ ಆವರ್ತನ ಕಡಿಮೆಯಾದಷ್ಟೂ ಅದು ಮರ, ಗೋಡೆಗಳ ನಡುವೆ ಹೆಚ್ಚು ದೂರ ಹೋಗುತ್ತದೆ. ತೋಟ, ಕಾಡು, ದಪ್ಪ ಗೋಡೆಯ ಮನೆಗಳಿರುವ ನಮ್ಮ ಕಡೆ ಸಿಮ್ ಆರಿಸುವಾಗ ಜಾಹೀರಾತಿನ ವೇಗಕ್ಕಿಂತ ಇದು ಮುಖ್ಯ.

ನಕಾಶೆಯ ಆಪ್‌ಗಳಿಂದ ಕಲಿತದ್ದು ಬೇರೆ ಬಗೆಯದು. ಕೊಲ್ಲೂರಿಗೆ ಹೋಗುವ ಕಾರುಗಳ ದಾರಿಯುದ್ದಕ್ಕೂ ನಕಾಶೆಗೆ ಬಣ್ಣ ತುಂಬಿತ್ತು. ಅಲ್ಲಿಂದ ಪಕ್ಕಕ್ಕೆ ಸರಿದು ನಮ್ಮ ಊರಿನ ಕಡೆ ಬಂದರೆ ಬರೀ ಬಿಳಿ. ಬಿಳಿ ಎಂದರೆ ನೆಟ್‌ವರ್ಕ್ ಇಲ್ಲ ಎಂದು ಓದಿಕೊಂಡು ಆಪ್ ಸುಳ್ಳು ಹೇಳುತ್ತದೆಂದು ಬರೆದವರು ಬಹಳ. ಆ ಬಿಳಿಯ ಅರ್ಥ ಇಷ್ಟೇ: ಇಲ್ಲಿ ಆಪ್ ಹಾಕಿಕೊಂಡು ಯಾರೂ ಓಡಾಡಿಲ್ಲ. ಇನ್ನು ಕಂಪನಿಗಳ ನಕಾಶೆ. 2024ರ ಸೇವಾ ಗುಣಮಟ್ಟದ ನಿಯಮಗಳಲ್ಲಿ ಟ್ರಾಯ್, ಕಂಪನಿಗಳೆಲ್ಲ ತಮ್ಮ ವ್ಯಾಪ್ತಿಯ ನಕಾಶೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂದು ಕಡ್ಡಾಯ ಮಾಡಿದೆ. ಒಳ್ಳೆಯ ಕೆಲಸ. ಆದರೆ ಇಂಥ ನಕಾಶೆ ಸಾಮಾನ್ಯವಾಗಿ ಟವರಿನ ಜಾಗ, ಎತ್ತರ, ನೆಲದ ಏರುತಗ್ಗುಗಳನ್ನು ಲೆಕ್ಕಹಾಕಿ ಬಿಡಿಸಿದ ಅಂದಾಜು. ಒಂದರಲ್ಲಿ ನಮ್ಮ ಊರು ಪೂರ್ತಿ ಬಣ್ಣ, ಇನ್ನೊಂದರಲ್ಲಿ ಪೂರ್ತಿ ಬಿಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನಾವೇ ಅಳೆದು ತುಂಬಬೇಕೆಂದು ತೀರ್ಮಾನಿಸಿದೆವು. ಹಾಲಿನ ಡೈರಿಗೆ ಹೋಗುವ ಹುಡುಗರು, ಆಶಾ ಕಾರ್ಯಕರ್ತೆ, ಲೈನ್‌ಮನ್ ಫೋನಿಗೆ ಆಪ್ ಹಾಕಿಕೊಟ್ಟೆ. ಕೇರಿ ಕೇರಿಗೆ ಹೋಗುವವರು ಅವರೇ ತಾನೆ.

ಮುನ್ನೆಚ್ಚರಿಕೆಯೂ ಬೇಕು. ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿ ಕೊಡದಿದ್ದರೆ ಆಪ್‌ಗೆ ಟವರಿನ ವಿವರ ಸಿಗುವುದಿಲ್ಲ. ಆಪ್ ತೆರೆದಿರುವಾಗ ಮಾತ್ರ ಎಂಬ ಆಯ್ಕೆ ಒತ್ತಿದರೆ ಮೀಟರಿಗೆ ಸಾಕು. ಹೀಗೆ ಸೇರುವ ಮಾಹಿತಿಯನ್ನು ವಿಶ್ಲೇಷಿಸಿ ಕಂಪನಿಗಳಿಗೆ ಮಾರುವುದೇ ಹಲವು ಉಚಿತ ಆಪ್‌ಗಳ ಸಂಪಾದನೆ. ವೇಗದ ಪರೀಕ್ಷೆ ಪದೇ ಪದೇ ಒತ್ತಿದರೆ ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಎರಡು ಸಿಮ್ ಇದ್ದಾಗ ಆಪ್ ತೋರಿಸುತ್ತಿರುವುದು ಯಾವುದರ ಅಳತೆ ಎಂದು ಮೊದಲು ನೋಡಬೇಕು. ಐಫೋನಿನಲ್ಲಿ ಹೊರಗಿನ ಆಪ್‌ಗಳಿಗೆ ಸಿಗ್ನಲ್ ಅಳತೆಯನ್ನು ಓದಲು ಬಿಡುವುದಿಲ್ಲ. ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನ ಮಗಳು ಆಪ್ ಸರಿಯಿಲ್ಲ ಅಂದಾಗ *3001#12345#* ಡಯಲ್ ಮಾಡು ಅಂದೆ, ಫೋನಿನದೇ ಪರೀಕ್ಷಾ ಪರದೆ ತೆರೆದುಕೊಂಡಿತು.

ರೇಷನ್ ದಿನಗಳಲ್ಲಿ ಆಪ್ ಮಾಡಿದ ದೊಡ್ಡ ಉಪಕಾರ, ತಪ್ಪು ಯಾರದೆಂದು ಬೇರ್ಪಡಿಸಿದ್ದು. ಮೊದಲೆಲ್ಲ ಏನೇ ಆದರೂ ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದೆವು. ಅಳತೆ ಮೈನಸ್ 98 ಇದ್ದು, ಬೇರೆ ಎಲ್ಲ ಪುಟಗಳೂ ತೆರೆದುಕೊಳ್ಳುತ್ತಿದ್ದು ಹೆಬ್ಬೆಟ್ಟು ಮಾತ್ರ ಹೋಗದಿದ್ದರೆ ತೊಂದರೆ ಸರ್ವರಿನದು. ಸಾಲಿನಲ್ಲಿ ನಿಂತವರಿಗೆ ಆಗ ಧೈರ್ಯವಾಗಿ ಹೇಳಬಹುದು: ಅಮ್ಮಾ, ಮನೆಗೆ ಹೋಗಿ ಬನ್ನಿ, ಇದು ಗುಡ್ಡ ಹತ್ತಿದರೂ ಸರಿಹೋಗುವುದಲ್ಲ.

ಇನ್ನೊಂದು ಸಂಗತಿ ಮಳೆಗಾಲದಲ್ಲಿ ಬಯಲಾಯಿತು. ಪ್ರತಿ ಟವರಿನ ಪ್ರತಿ ಸೆಲ್‌ಗೂ ಒಂದು ಐಡಿ ಇರುತ್ತದೆ, ಆಪ್ ಅದನ್ನು ಸಮಯದೊಂದಿಗೆ ದಾಖಲಿಸುತ್ತ ಹೋಗುತ್ತದೆ. ಗಾಳಿಗೆ ಮರ ಬಿದ್ದು ಕರೆಂಟು ಹೋದ ದಿನಗಳ ದಾಖಲೆ ತೆಗೆದು ನೋಡಿದರೆ, ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ನಮ್ಮ ಟವರಿನ ಐಡಿ ಮಾಯ. ಗುಡ್ಡದಾಚೆಯ ಯಾವುದೋ ಟವರಿನ ಐಡಿ ಮೈನಸ್ 116ರಲ್ಲಿ ಬಂದು ಜೋತುಬಿದ್ದಿದೆ. ಕರೆಂಟು ಬಂದ ಕೂಡಲೇ ಹಳೆಯ ಐಡಿ ಮತ್ತೆ ಹಾಜರು. ಮೋಡ, ಮಳೆ, ಸಿಡಿಲು ಎಂದು ನಾವು ದೂರುತ್ತಿದ್ದದ್ದು ಟವರಿನ ಬ್ಯಾಟರಿಯನ್ನು.

ಆದ್ದರಿಂದ ಅಭಿಪ್ರಾಯಗಳನ್ನು ಓದುವಾಗ ನಾನೀಗ ಹುಡುಕುವುದು ಯಾವ ಫೋನ್, ಯಾವ ಊರು, ಮನೆಯ ಒಳಗೋ ಹೊರಗೋ, ಯಾವ ಹೊತ್ತು ಎಂಬ ವಿವರಗಳನ್ನು. ಅವಿದ್ದರೆ ಒಂದು ಸ್ಟಾರಿನ ಬೈಗುಳವೂ ಕೆಲಸಕ್ಕೆ ಬರುತ್ತದೆ, ಇಲ್ಲದಿದ್ದರೆ ಐದು ಸ್ಟಾರಿನ ಹೊಗಳಿಕೆಯೂ ದಂಡ. ನಾನು ಬರೆದ ಅಭಿಪ್ರಾಯದಲ್ಲಿ ಫೋನಿನ ಮಾಡೆಲ್, ತಗಡಿನ ಮಾಡು, ಎರಡು ಸಿಮ್‌ನ ಗೊಂದಲ ಎಲ್ಲವನ್ನೂ ಹಾಕಿ ನಾಲ್ಕು ಸ್ಟಾರ್ ಕೊಟ್ಟೆ. ಕನ್ನಡದಲ್ಲಿ ಇಲ್ಲದ್ದಕ್ಕೆ ಒಂದು ಕಳೆದೆ.

ದೂರಿಗೂ ಇದೇ ಮಾತು. ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ ಎಂದು ಬೋರ್ಡ್ ಕಟ್ಟಿದ ಊರುಗಳು ಮಲೆನಾಡಿನಲ್ಲಿವೆ, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನೆಟ್‌ವರ್ಕ್ ಇಲ್ಲ ಎಂದಷ್ಟೇ ಬರೆದ ನಮ್ಮ ಅರ್ಜಿಗಳಿಗೆಲ್ಲ, ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿದೆ ಎಂಬ ಒಂದೇ ಉತ್ತರ ಬರುತ್ತಿತ್ತು. ಕಾಲ್ ಸೆಂಟರಿನಿಂದ ಡಾಕೆಟ್ ನಂಬರ್ ಪಡೆದು, ಅಲ್ಲಿ ಬಗೆಹರಿಯದ್ದಕ್ಕೆ ಮೇಲ್ಮನವಿ ಬರೆದಾಗ ಸೆಲ್ ಐಡಿ, ತಾರೀಕು, ಕರೆಂಟು ಹೋದ ಹೊತ್ತು, ಟವರ್ ನಿಂತ ಹೊತ್ತು ಅಷ್ಟನ್ನೂ ಪಟ್ಟಿ ಮಾಡಿ ಪಂಚಾಯ್ತಿಯ ಸೀಲಿನೊಂದಿಗೆ ಕಳಿಸಿದೆವು. ಈ ಸಲ ಸೇವೆ ಲಭ್ಯವಿದೆ ಎಂಬ ಉತ್ತರ ಬರಲಿಲ್ಲ, ಬ್ಯಾಟರಿ ಬದಲಿಸುವವರು ಬಂದರು. 2300ರ ಬ್ಯಾಂಡ್ ಇಂದಿಗೂ ಅಂಗಳ ದಾಟಿ ಒಳಗೆ ಬಂದಿಲ್ಲ. ಅದರ ಅಳತೆಗಳನ್ನು ಈಗ ಕೂಡಿಹಾಕುತ್ತಿದ್ದೇವೆ.