ತೊಗಲು ತತ್ತಿಯ ಲೆಕ್ಕ

ಹೋದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಗೂಡಿಗೆ ಕೈ ಹಾಕಿದರೆ, ಸಿಕ್ಕ ತತ್ತಿ ಬೆರಳು ಒತ್ತಿದಲ್ಲಿ ತಗ್ಗುಬಿತ್ತು. ಓಡೇ ಇರಲಿಲ್ಲ, ಬರೀ ಬೆಚ್ಚಗಿನ ಪೊರೆ. ಲಿಂಗಂಪಲ್ಲಿಯ ನಮ್ಮ ಹಿತ್ತಲಲ್ಲಿರುವುದು ಆರು ಕೋಳಿ, ಇಲ್ಲೇ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯ ರೂಪಿಸಿದ ಗ್ರಾಮಪ್ರಿಯ ತಳಿ. ವಾರಕ್ಕೆ 25ರಷ್ಟು ತತ್ತಿ. ನಮಗೆ ಮಿಕ್ಕಿದ್ದನ್ನು ಅಕ್ಕಪಕ್ಕದವರು 12 ರೂಪಾಯಿಗೊಂದರಂತೆ ಒಯ್ಯುತ್ತಾರೆ. ಆ ತಿಂಗಳು ವಾರಕ್ಕೆ ಏಳು ಒಡೆದವು. ಮುನ್ನೂರು ರೂಪಾಯಿಗೂ ಮೇಲೆ ಮಣ್ಣುಪಾಲು.

ತಪ್ಪು ನನ್ನದೇ. ಖರ್ಚು ಉಳಿಸಲು ಲೇಯರ್ ಫೀಡ್, ಅಂದರೆ ತತ್ತಿ ಇಡುವ ಕೋಳಿಗಳ ಸಿದ್ಧ ಆಹಾರ, ಬಿಟ್ಟು ಜೋಳದ ನುಚ್ಚು, ಮಿಕ್ಕ ಅನ್ನ ಹಾಕುತ್ತಿದ್ದೆ. ಒಂದು ಓಡಿಗೆ ಎರಡು ಗ್ರಾಂಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಹೋಗುತ್ತದೆ. ತಿಂದದ್ದೆಲ್ಲ ಮೈಗೆ ಹತ್ತದ್ದರಿಂದ ದಿನಕ್ಕೆ ಸುಮಾರು 4 ಗ್ರಾಂ ಬೇಕು. ಫೀಡ್‌ನಲ್ಲಿ ಅದು ಶೇ 3.5ರಿಂದ 4ರಷ್ಟಿರುತ್ತದೆ, ಜೋಳದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಾಲದಾದಾಗ ಕೋಳಿ ತನ್ನ ಎಲುಬಿನಿಂದಲೇ ತೆಗೆದು ಓಡು ಕಟ್ಟುತ್ತದೆ. ಇದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಮೊದಲು 280 ರೂಪಾಯಿಯ ಕ್ಯಾಲ್ಸಿಯಂ ಟಾನಿಕ್ ತಂದು ನೀರಿಗೆ ಬೆರೆಸಿದೆ. ಮೂರು ವಾರಕ್ಕೆ ಬಾಟಲಿ ಖಾಲಿ, ತತ್ತಿ ಹಾಗೇ. ಹುಮನಾಬಾದಿನಿಂದ ಅವ್ವ ಫೋನಿನಲ್ಲಿ ಅಂದಳು: “ನಮ್ಮ ಕೋಳಿ ಗ್ವಾಡಿ ಸುಣ್ಣ ಕುಕ್ಕಿ ತಿಂತಿದ್ವು. ನಿಮ್ಮಲ್ಲಿ ಪೇಂಟ್ ಗ್ವಾಡಿ, ಪಾಪ ಅವು ಏನ್ ಕುಕ್ಕಬೇಕು?”

ಆ ಸುಣ್ಣದ ಬದಲಿಗೆ ಕಪ್ಪೆಚಿಪ್ಪಿನ ಚೂರು ಇದೆ, ಫೀಡ್ ಅಂಗಡಿಯಲ್ಲಿ ಕಿಲೋಗೆ 30 ರೂಪಾಯಿ. ಬರೀ ಕಾಳು ತಿನ್ನುವ ಕೋಳಿಗೂ ದಿನಕ್ಕೆ 10 ಗ್ರಾಂ ಸಾಕು. ಆರು ಕೋಳಿಗೆ ತಿಂಗಳಿಗೆ ಎರಡು ಕಿಲೋ ದಾಟದು. ನುಣ್ಣನೆ ಪುಡಿ ಬೇಡ. ಓಡು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ, ಬಹುಪಾಲು ರಾತ್ರಿ ನಡೆಯುವ ಕೆಲಸ. ದಪ್ಪ ಚೂರು ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಕರಗುವುದರಿಂದ ಕತ್ತಲಲ್ಲೂ ಒದಗುತ್ತದೆ. ಅಡುಗೆಮನೆಯ ಓಡುಗಳನ್ನೂ ಬಾಣಲೆಯಲ್ಲಿ ಹುರಿದು, ಗುರುತು ಸಿಗದಂತೆ ಕುಟ್ಟಿ ಸೇರಿಸುತ್ತೇನೆ. ಬರೀ ಅದನ್ನೇ ನಂಬಿದರೆ ಸಾಲದು, ಒಂದು ಓಡು ಬೇಕಾದದ್ದರ ಅರ್ಧವನ್ನಷ್ಟೇ ಮರಳಿಸುತ್ತದೆ.

ಈಗ ಮತ್ತೆ ಲೇಯರ್ ಫೀಡ್ ಹಾಕುತ್ತಿದ್ದೇನೆ, ನುಚ್ಚು ಮೇಲಿನ ತಿಂಡಿ ಮಾತ್ರ. ಚಿಪ್ಪನ್ನು ಫೀಡ್‌ನಲ್ಲಿ ಬೆರೆಸದೆ ಬೇರೆ ಬಟ್ಟಲಲ್ಲಿಡುತ್ತೇನೆ. ಬೇಕಾದ ಕೋಳಿ ಬೇಕಾದಷ್ಟು ತಿನ್ನಲಿ. ಇನ್ನೂ ತತ್ತಿಗೆ ಬಾರದ ಮರಿಗಳಿಗೆ ಲೇಯರ್ ಫೀಡ್ ಹಾಕಬೇಡಿ, ಹೆಚ್ಚಾದ ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತದೆ.

ಸಂಜೆ ಗೂಡು ಸೇರುವ ಮುನ್ನ ಹಳೆಯ ಕೋಳಿ ಬಟ್ಟಲಿನ ಬಳಿ ನಿಂತು, ತಲೆ ಓರೆ ಮಾಡಿ, ದೊಡ್ಡ ಚೂರುಗಳನ್ನೇ ಆರಿಸುತ್ತದೆ. ಸ್ಟೀಲ್ ಬಟ್ಟಲ ಮೇಲೆ ಕೊಕ್ಕಿನ ಸದ್ದು ಅಡುಗೆಮನೆಗೂ ಕೇಳಿಸುತ್ತದೆ.